ಗ್ರೈಂಡರಿನ ಮೇಲಿನ ಜರಿ ಶಾಲು

ಮೊನ್ನೆ ದೋಸೆಗೆ ರುಬ್ಬಿ ಮುಗಿಸಿ, ಗ್ರೈಂಡರಿಗೆ ಹೊದೆಸುವ ಶಾಲನ್ನು ಒಗೆಯಲು ತೆಗೆದೆ. ಮೆರೂನ್ ಬಣ್ಣ, ಅಂಚಿಗೆ ಜರಿ. ನೀರಿಗೆ ಹಾಕಿದ ಕೂಡಲೇ ನುಸಿಗುಳಿಗೆಯ ವಾಸನೆ, ಅದರಡಿಯಲ್ಲಿ ಎಲ್ಲೋ ಒಂದಿಷ್ಟು ಅತ್ತರು... ಎಷ್ಟು ಸಲ ಒಗೆದರೂ ಹೋಗದ ವಾಸನೆ. ಪಕ್ಕದ ಮನೆಯ ರಾಜ್ಯಪಾಲರು ಬಕೆಟಿನಿಂದ ಎದ್ದು ಬಂದ ಹಾಗಾಯಿತು.

ನಾನು ಮದುವೆಯಾಗಿ ಇನ್ನಂಜೆಗೆ ಬಂದಾಗ ಅವರು ಉಡುಪಿಯಲ್ಲಿ ವಕೀಲರು. ಸಂಜೆ ನಮ್ಮ ಚಾವಡಿಗೆ ಬಂದು, ಬೆಲ್ಲ ಕಚ್ಚಿ ನೀರು ಕುಡಿದು, ಮಾವನ ಜೊತೆ ಹರಟುತ್ತಿದ್ದರು. ಗುಳ್ಳ ಬದನೆಯ ಹುಳಿಯ ಪರಿಮಳ ಬಂದರೆ ಪಾತ್ರೆ ಹಿಡಿದುಕೊಂಡು ತಾವೇ ಬರುತ್ತಿದ್ದರು. ಆಮೇಲೆ ಚುನಾವಣೆಗೆ ನಿಂತರು, ಸೋತರು. ಇನ್ನೊಮ್ಮೆ ನಿಂತರು, ಆಗಲೂ ಸೋತರು. ನಾವು ಬೇಡವೆಂದ ಮನುಷ್ಯನನ್ನು ದೆಹಲಿಯವರು ದೂರದ ಒಂದು ಸಣ್ಣ ರಾಜ್ಯಕ್ಕೆ ರಾಜ್ಯಪಾಲ ಮಾಡಿ ಕಳುಹಿಸಿದರು.

ಅಲ್ಲಿ ಅವರು ಎಂತ ಮಾಡಿದರೆಂದು ನನ್ನನ್ನು ಕೇಳಬೇಡಿ. ಪೇಪರಿನ ಫೋಟೋಗಳಲ್ಲಿ ಒಂದೋ ದೀಪ ಹಚ್ಚುತ್ತಿದ್ದರು, ಇಲ್ಲವೇ ರಿಬ್ಬನ್ ಕತ್ತರಿಸುತ್ತಿದ್ದರು. ಊರಿಗೆ ಮೊದಲ ಸಲ ಬರುವಾಗ ಹಿಂದೆ ಮುಂದೆ ಪೊಲೀಸ್ ಜೀಪು. ಅವರಿಗೋಸ್ಕರ ನಮ್ಮ ಮಣ್ಣಿನ ರಸ್ತೆಗೆ ಡಾಮರು ಬಂತು. ಬಂದದ್ದು ಅವರ ಗೇಟು ದಾಟಿ ಕಾರು ತಿರುಗಿಸುವಷ್ಟು ದೂರ ಮಾತ್ರ. ಅದರಾಚೆಗಿನವರಿಗೆ ಕೆಸರೇ ಗತಿ. ಹಳೆಯ ರೂಢಿಯಲ್ಲಿ ನಾನು ಬೆಲ್ಲ ನೀರು ಇಟ್ಟರೆ, ಸಫಾರಿ ತೊಟ್ಟ ಅಂಗರಕ್ಷಕನೊಬ್ಬ ಚೆಂಬನ್ನು ಮೂಸಿ ನೋಡಿ ಅತ್ತ ಸರಿಸಿದ. ಅವರು ನೋಡಿಯೂ ಮಾವನ ಕಡೆ ತಿರುಗಿ ಮಾತು ಮುಂದುವರಿಸಿದರು.

ಊರಿಗೆ ಬರುತ್ತಿದ್ದದ್ದೇ ಸನ್ಮಾನಕ್ಕೆ. ಕಾಪುವಿನಲ್ಲಿ ಒಂದು, ಕಾರ್ಕಳದಲ್ಲಿ ಒಂದು, ಮಣಿಪಾಲದಲ್ಲಿ ಇನ್ನೊಂದು. ಶಾಲು, ಹಾರ, ಹಣ್ಣಿನ ಬುಟ್ಟಿ, ಓದಿ ಹೇಳುವ ಮಾನಪತ್ರ. ಅವರ ಮನೆಗೆ ಯಾವಾಗಲೂ ಬೀಗ. ಹಾಗಾಗಿ ಹೊರಡುವ ಮುಂಚೆ ಡ್ರೈವರ್ ಡಿಕ್ಕಿ ತೆರೆದು ಎಲ್ಲವನ್ನೂ ನಮ್ಮ ಜಗಲಿಯಲ್ಲಿ ಸುರಿದು ಹೋಗುತ್ತಿದ್ದ. "ನಿಮಗೆ ಉಪಯೋಗ ಆಗ್ತದಲ್ವಾ" ಎನ್ನುವುದು ಕಾರಿನ ಕಿಟಕಿಯಿಂದಲೇ. ನಾನು ಗ್ರೈಂಡರಿಗೆ ಒಂದು, ಟೀವಿಗೆ ಒಂದು ಹೊದೆಸಿದೆ. ನಮ್ಮ ಮಾವ, "ಊರಿನವರು ಸನ್ಮಾನ ಮಾಡುವುದು ಅವನಿಗಾ, ನಮ್ಮ ಗ್ರೈಂಡರಿಗಾ ಮಾರಾಯ್ತಿ?" ಎಂದು ನಗುತ್ತಿದ್ದರು.

ರಾಜ್ಯಪಾಲಗಿರಿ ಮುಗಿದ ಮೇಲೆ ಕೊಲ್ಲಿಯ ಒಂದು ದೇಶಕ್ಕೆ ರಾಯಭಾರಿಯಾದರು. ಅರಬಿ ಬರುತ್ತಿರಲಿಲ್ಲ, ನಗಲು ಬರುತ್ತಿತ್ತು, ಅಷ್ಟೇ ಸಾಕಾಯಿತೇನೋ.

ನಮಗೆ ದಿನವೂ ಮೀನು ತರುತ್ತಿದ್ದ ಅಜ್ಜಿಯೊಬ್ಬರಿದ್ದರು, ಕಾಪುವಿನ ಕಡಲ ಕರೆಯಲ್ಲಿ ಮನೆ ಇದ್ದವರು. ಅವರ ಒಬ್ಬನೇ ಮಗ ಕೊಲ್ಲಿಯಲ್ಲಿ ಅರಬಿಯೊಬ್ಬನ ಬೋಟಿನಲ್ಲಿ ಮೀನು ಹಿಡಿಯುತ್ತಿದ್ದ. ಒಮ್ಮೆ ಆ ಬೋಟು ಗಡಿ ದಾಟಿ, ನಮ್ಮ ಪಕ್ಕದ ಮನೆಯವರು ರಾಯಭಾರಿಯಾಗಿದ್ದ ದೇಶದ ನೀರಿಗೆ ಹೋಯಿತು. ಬೋಟಿನಲ್ಲಿದ್ದವರನ್ನೆಲ್ಲ ಜೈಲಿಗೆ ಹಾಕಿದರು. ಅಜ್ಜಿ ಬುಟ್ಟಿ ಇಳಿಸಿ ನಮ್ಮ ಮೆಟ್ಟಿಲಲ್ಲಿ ಕೂತು, "ಅಮ್ಮಾ, ಮಗನ ಮುಖ ಒಂದು ಕಂಡರೆ ಸಾಕು" ಎನ್ನುತ್ತಿದ್ದರು.

ಅದೇ ದೇಶದಲ್ಲಿ ಅಂಗಡಿ ಇಟ್ಟಿದ್ದ ಉಚ್ಚಿಲದ ಬ್ಯಾರಿ ಸಾಹೇಬರೊಬ್ಬರು ರಜೆಯಲ್ಲಿ ಊರಿಗೆ ಬಂದಿದ್ದರು. ಸುದ್ದಿ ತಿಳಿದು ಅಜ್ಜಿಯನ್ನು ಹುಡುಕಿಕೊಂಡು ಬಂದರು. "ನನ್ನ ಅಂಗಡಿಗೆ ಲೈಸೆನ್ಸ್ ಕೊಡಿಸಿದ ಅರಬಿ ದೊಡ್ಡ ಜನ. ಒಂದು ಮಾತು ಹೇಳಿಸ್ತೇನೆ, ಆಗಬಹುದಾ?" ಎಂದು ಕೇಳಿದರು. ನಮ್ಮ ಊರಿನ ಸನ್ಮಾನ ಸಮಿತಿಯ ಅಧ್ಯಕ್ಷರು ಬಿಡಲಿಲ್ಲ. "ನಮ್ಮ ಧನಿಗಳೇ ಅಲ್ಲಿ ರಾಯಭಾರಿ ಇರುವಾಗ ಅಂಗಡಿಯವರ ಕೈಯಲ್ಲಿ ಹೇಳಿಸುವುದಾ? ಅವರಿಗೆ ಬೇಸರ ಆಗ್ತದೆ. ಮುಂದಿನ ತಿಂಗಳು ಬರ್ತಾರೆ, ಒಂದು ಸನ್ಮಾನ ಇಡುವ."

ಅಧ್ಯಕ್ಷರ ಲೆಕ್ಕಾಚಾರವೇ ಬೇರೆ. ಮಾನಪತ್ರದಲ್ಲಿ "ಬಡ ಮೀನುಗಾರನನ್ನು ಸೆರೆಯಿಂದ ಬಿಡಿಸಿದ ಕರುಣಾಳು" ಎಂದು ಮೊದಲೇ ಅಚ್ಚು ಹಾಕಿಸಿದರು. ನಾಲ್ಕು ಜನರ ಮುಂದೆ ಹೊಗಳಿಬಿಟ್ಟರೆ ಮತ್ತೆ ಮಾಡದೆ ತಪ್ಪಿಸಿಕೊಳ್ಳಲಿಕ್ಕೆ ಆಗುವುದಿಲ್ಲ ಎಂಬ ಧೈರ್ಯ. ನಮ್ಮ ಊರಿನವರಿಗೆ ಮಾತ್ರ ಹೊಳೆಯುವ ಉಪಾಯ! ಇನ್ನೂ ಮಾಡದ ಕೆಲಸಕ್ಕೆ ರಾಯಭಾರಿಗಳು ಶಾಲು ಹೊದ್ದು, "ಇದು ನನ್ನ ಕರ್ತವ್ಯ" ಎಂದು ಕೈಮುಗಿದರು. ಅವರಿಗೆ ಇಷ್ಟವೆಂದು ಅಜ್ಜಿ ಗುಳ್ಳ ಬೆಳೆಯುವ ಮಟ್ಟುವಿಗೆ ಹೋಗಿ ಆರಿಸಿ ತಂದ ಗುಳ್ಳವನ್ನು ಬುಟ್ಟಿಯಲ್ಲಿ ಕೊಟ್ಟರು. ಕೊಡುವಾಗ ಎಂತದೋ ಹೇಳಿದರು. ಇವರ ಮುಖ ಮಾತ್ರ ಫೋಟೋದವನ ಕಡೆಗಿತ್ತು...

ಮರುದಿನ ಬೆಳಿಗ್ಗೆ ಅಜ್ಜಿ ಬಂಗುಡೆ ತಂದರು. ಹಿಂದಿನ ಸಂಜೆ ಡ್ರೈವರ್ ಸುರಿದು ಹೋದದ್ದೆಲ್ಲ ಜಗಲಿಯಲ್ಲಿ ಹಾಗೆಯೇ ಇತ್ತು: ಈ ಮೆರೂನ್ ಶಾಲು, ಬಾಡಿದ ಹಾರ, ಪಕ್ಕದಲ್ಲಿ ಗುಳ್ಳದ ಬುಟ್ಟಿ. ಅಜ್ಜಿ ನೋಡಿದರು.

"ಧನಿಗಳು ಮರೆತು ಹೋದದ್ದಾ ಅಮ್ಮಾ?"

ನನಗೆ ಸುಳ್ಳು ಬಾಯಿಗೆ ಬರಲಿಲ್ಲ. "ಯಾವಾಗಲೂ ಹೀಗೆಯೇ ಬಿಟ್ಟು ಹೋಗುವುದು ಅಜ್ಜಿ" ಎಂದೆ.

ಅಜ್ಜಿ ಗುಳ್ಳಗಳನ್ನು ಒಂದೊಂದಾಗಿ ಸೆರಗಿನಲ್ಲಿ ಒರೆಸಿ ಮೀನಿನ ಬುಟ್ಟಿಯ ಬದಿಗೆ ಜೋಡಿಸಿಕೊಂಡರು. "ಉಚ್ಚಿಲದ ಬ್ಯಾರಿ ಹೋದ್ರಾ, ಇದ್ದಾರಾ? ಸ್ವಲ್ಪ ಫೋನ್ ಮಾಡಿ ಕೇಳಿ" ಎಂದರು. ಅವರು ಇನ್ನೂ ಹೊರಟಿರಲಿಲ್ಲ. ಅಜ್ಜಿ ಮೀನು ಮಾರುವುದನ್ನು ಅಲ್ಲಿಗೇ ಬಿಟ್ಟು, ಗುಳ್ಳದ ಸಮೇತ ಉಚ್ಚಿಲದ ಬಸ್ಸು ಹತ್ತಿದರು.

ಮಳೆಗಾಲಕ್ಕೆ ಮುಂಚೆ ಮಗ ಬಂದ. ಜೈಲಿಗೆ ಬಟ್ಟೆ, ಊಟ ತಲುಪಿಸಿದ್ದೂ ಅಂಗಡಿಯ ಬ್ಯಾರಿಯೇ, ವಿಮಾನ ಹತ್ತಿಸಿದ್ದೂ ಅವರೇ. ರಾಯಭಾರ ಕಚೇರಿಯಿಂದ ಒಬ್ಬರೂ ಬಂದು ನೋಡಿರಲಿಲ್ಲವಂತೆ. ಆದರೆ ನಮ್ಮ ರಾಯಭಾರಿಗಳು ನಿವೃತ್ತರಾಗಿ ಬಂದಾಗ ಅದೇ ಬಿಡುಗಡೆಗೆ ಪುನಃ ಸನ್ಮಾನವಾಯಿತು. ಪುನಃ ಕೈಮುಗಿದು ಸ್ವೀಕರಿಸಿದರು. ತಾಯಿ ಮಗನನ್ನು ವೇದಿಕೆಗೆ ಕರೆಯಲು ಅಧ್ಯಕ್ಷರು ಹೋಗಿದ್ದರಂತೆ. "ಇವತ್ತು ಗುಳ್ಳ ಇಲ್ಲ ಅಂತ ಹೇಳಿ" ಎಂದು ಅಜ್ಜಿ ಬಾಗಿಲಿನಿಂದಲೇ ಕಳುಹಿಸಿದರು.

ಈಗ ಅಜ್ಜಿಯೂ ಇಲ್ಲ, ರಾಜ್ಯಪಾಲರೂ ಇಲ್ಲ. ಮಗ ಸ್ಕೂಟರಿನಲ್ಲಿ ಮೀನು ತರುತ್ತಾನೆ. ಮೊನ್ನೆ ಬಂದಾಗ ಶಾಲು ಹಗ್ಗದ ಮೇಲೆ ಒಣಗಿತ್ತು. "ನಿನ್ನ ಐಸ್ ಪೆಟ್ಟಿಗೆಗೆ ಮುಚ್ಚಲಿಕ್ಕೆ ಬೇಕಾ?" ಎಂದೆ. ಅವನು ಮೂಗಿಗೆ ಹಿಡಿದು ನೋಡಿ ಹಿಂದೆ ಕೊಟ್ಟ.

"ಬೇಡ ಅಕ್ಕ, ಮೀನಿಗೆ ವಾಸನೆ ಹಿಡಿದೀತು."

ಇಬ್ಬರೂ ನಕ್ಕೆವು. ಡಾಮರು ಮುಗಿಯುವಲ್ಲಿ ಅವನ ಸ್ಕೂಟರ್ ಎಂದಿನಂತೆ ದಡಬಡ ಎಂದಿತು. ಹಿಂದೆ ಅಜ್ಜಿಯೂ ಅಲ್ಲೇ ಒಂದು ಗಳಿಗೆ ನಿಂತು, ಬುಟ್ಟಿ ಸರಿಮಾಡಿಕೊಂಡು, ಮುಂದಿನ ಮನೆಯವರನ್ನು ಕೂಗುತ್ತಿದ್ದರು... ಆ ದಿನ ನಮ್ಮಲ್ಲಿ ಗುಳ್ಳದ ಹುಳಿ. ಕುದಿಯುವ ಪರಿಮಳ ಪಕ್ಕದ ಬೀಗ ಹಾಕಿದ ಮನೆಯವರೆಗೂ ಹೋಗಿರಬೇಕು. ಪಾತ್ರೆ ಹಿಡಿದುಕೊಂಡು ಬರುತ್ತಿದ್ದ ಆ ವಕೀಲರು ಮಾತ್ರ, ರಾಜ್ಯಪಾಲರು ತೀರಿಹೋಗುವುದಕ್ಕೆ ಎಷ್ಟೋ ಮುಂಚೆಯೇ ಬರುವುದು ನಿಲ್ಲಿಸಿದ್ದರು. ಶಾಲನ್ನು ಮಡಚಿ ಪುನಃ ಗ್ರೈಂಡರಿಗೇ ಹೊದೆಸಿದೆ.