ಅಪ್ಪ ಬೈಯುತ್ತಿದ್ದ ಶಾಸಕರು

ನಮ್ಮ ಶಾಸಕರು ತೀರಿಹೋದ ಸುದ್ದಿ ಬಂದಾಗ ನಾನು ಪರ್ಕಳದ ಬಾಡಿಗೆ ಮನೆಯಿಂದ ಮಣಿಪಾಲದ ಆಫೀಸಿಗೆ ಹೊರಟಿದ್ದೆ. ಮೊದಲು ನೆನಪಾದದ್ದು ಅಪ್ಪ. ಕಟಪಾಡಿಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ಅಪ್ಪ ಆ ಶಾಸಕರ ನೆಂಟರಲ್ಲ, ಬೆಂಬಲಿಗರಂತೂ ಅಲ್ಲವೇ ಅಲ್ಲ. ಪ್ರತಿ ಚುನಾವಣೆಯಲ್ಲೂ ಎದುರು ಪಕ್ಷದ ಜೀಪಿನಲ್ಲಿ ಕೂತು ಅವರನ್ನು ಬೈಯುತ್ತಿದ್ದವರು. ಹೊಲಿಗೆ ಮಿಷನ್ನಿನ ಮುಂದೆ ಬಾಯೇ ಬಿಡದ ಮನುಷ್ಯ, ಮೈಕ್ ಸಿಕ್ಕಿದರೆ ಜೀಪು ಪಡುಬಿದ್ರಿ ಮುಟ್ಟುವವರೆಗೂ ನಿಲ್ಲಿಸುತ್ತಿರಲಿಲ್ಲ.

ಫೋನ್ ಮಾಡಿದೆ. "ಗೊತ್ತಾಯಿತು ಮಗಾ," ಎಂದರು. ಅಷ್ಟೇ ಹೇಳಿ ಫೋನ್ ಇಟ್ಟರು.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಯ ಹಿಂದೆ ಹರಿಯುವ ತೋಡನ್ನು ದಾಟಲು ತೆಂಗಿನ ಮರ ಅಡ್ಡ ಹಾಕಿದ ಕಾಲುಸಂಕವಿತ್ತು. ಅಮ್ಮ ಮತ್ತು ನೆರೆಯ ಹೆಂಗಸರು ಬೆಳಗಾದರೆ ಮಾರಲು ಮಲ್ಲಿಗೆ ಹೂ ಹಿಡಿದುಕೊಂಡು ಅದನ್ನು ದಾಟಿಯೇ ಪೇಟೆಗೆ ಹೋಗಬೇಕಿತ್ತು. ಮಳೆಗಾಲದಲ್ಲಿ ಜೀವ ಕೈಯಲ್ಲಿ. ಆ ಸಲದ ಚುನಾವಣಾ ಪ್ರಚಾರದಲ್ಲಿ ಅಪ್ಪ ಊರೆಲ್ಲ ಕೇಳುವಂತೆ, "ಗೆದ್ದವರು ಒಮ್ಮೆ ಈ ಸಂಕ ದಾಟಿ ತೋರಿಸಲಿ!" ಎಂದು ಕೂಗಿದರು.

ಗೆದ್ದದ್ದು ಅಪ್ಪ ಬೈದ ಆ ಶಾಸಕರೇ. ಒಂದು ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿಕೊಂಡು ಅಂಗಳದಲ್ಲಿ ನಿಂತಿದ್ದರು.

"ಟೈಲರ್ರೇ, ನೀವು ಕರೆದಿರಿ, ಬಂದೆ. ಎಲ್ಲಿ ಉಂಟು ನಿಮ್ಮ ಸಂಕ?"

ಅಪ್ಪ ಅಂಗಳಕ್ಕೆ ಇಳಿದು ಮನೆಯ ಹಿಂದಕ್ಕೆ ಕೈ ತೋರಿಸಿದರು. ಅಮ್ಮ ಒಳಗಿನಿಂದ, "ಆಸರಿಗೆ ಎಂತ ಕೊಡಲಿ, ಚಹಾವಾ ಮಜ್ಜಿಗೆಯಾ?" ಎಂದು ಕೇಳುವಷ್ಟರಲ್ಲಿ ಇಬ್ಬರೂ ಗದ್ದೆಯ ಅಂಚಿಗೆ ಇಳಿದಾಗಿತ್ತು. ನಾನೂ ಹಿಂದೆ ಓಡಿದೆ. ಶಾಸಕರು ಸಂಕದ ನಡುವೆ ಹೋಗುತ್ತಲೇ ಕಾಲು ಜಾರಿತು. ಹಿಂದಿದ್ದ ಅಪ್ಪ ತೋಳು ಹಿಡಿದು ನಿಲ್ಲಿಸಿದರು.

"ಬಿಟ್ಟಿದ್ದರೆ ನಿಮಗೇ ಲಾಭ ಅಲ್ವಾ? ಉಪಚುನಾವಣೆ ಬರ್ತಿತ್ತು," ಎಂದರು ಶಾಸಕರು. ಇಬ್ಬರೂ ಆ ಮರದ ಮೇಲೆಯೇ ನಿಂತು ನಕ್ಕರು.

ಸಂಕದ ಜಾಗದಲ್ಲಿ ಸೇತುವೆಯಾಗಲು ಸಮಯ ಹಿಡಿಯಿತು. ಅಲ್ಲಿಯವರೆಗೆ ಅಪ್ಪ ಬೈಯುವುದನ್ನು ಬಿಡಲಿಲ್ಲ, ಅವರು ಬಂದು ನೋಡುವುದನ್ನೂ ಬಿಡಲಿಲ್ಲ. ಉದ್ಘಾಟನೆಯ ದಿನ ಅವರು, "ಬೈದು ಬೈದು ಇದನ್ನು ಮಾಡಿಸಿದವರು ಅಲ್ಲಿ ಹಿಂದೆ ಇದ್ದಾರೆ, ವೇದಿಕೆಗೆ ಬರಬೇಕು," ಎಂದರು. ಅಪ್ಪ ಹೋಗಲಿಲ್ಲ. ಮುಂದಿನ ಚುನಾವಣೆಗೆ ಮತ್ತೆ ಜೀಪ್ ಹತ್ತಿದರು.

"ಸೇತುವೆ ಕೊಟ್ಟವರಿಗೆ ಬೈತೀರಾ?" ಎಂದು ಅಮ್ಮ ಕೇಳಿದರೆ, "ಸೇತುವೆಗೆ ಬೈಯುವುದಿಲ್ಲ. ರಸ್ತೆಗೆ ಬೈತೇನೆ," ಎಂದರು.

ಶಾಸಕರು ತೀರಿಹೋದ ವಾರದಲ್ಲಿ ಅವರ ಪಕ್ಷದ ಯುವಕರು ನುಡಿನಮನಕ್ಕೆ ಕರೆಯಲು ಊರಿನ ಮನೆಗೆ ಬಂದಾಗ ನಾನು ಅಲ್ಲೇ ಇದ್ದೆ. ಅಪ್ಪ ಹಿಂಜರಿದರು.

"ನಾನು ಎಂತ ಮಾತಾಡುವುದು? ನಿಮ್ಮವರೇ ಎದ್ದು ಹೋದಾರು."

"ಹೊಗಳುವವರು ಬೇಕಾದಷ್ಟು ಜನ ಇದ್ದಾರೆ," ಎಂದ ಒಬ್ಬ. "ಬೈದವರೂ ಒಬ್ಬರು ಬೇಕಲ್ವಾ?"

ಸ್ಕೂಟರಿನಲ್ಲಿ ನಾನೇ ಕರೆದುಕೊಂಡು ಹೋದೆ. ಸಭಾಂಗಣ ತುಂಬಿತ್ತು, ಉಡುಪಿ, ಕಾಪು, ಕಾರ್ಕಳದಿಂದಲೂ ಜನ ಬಂದಿದ್ದರು. ಹೆಸರು ಕರೆದಾಗ ಅಪ್ಪ ವೇದಿಕೆ ಹತ್ತಿ ಮೈಕ್ ಹಿಡಿದರು.

"ನಾನು ಇವರಿಗೆ ಒಮ್ಮೆಯೂ ಓಟು ಹಾಕಿದವನಲ್ಲ," ಎಂದು ಶುರು ಮಾಡಿದರು. "ಅದು ಇವರಿಗೂ ಗೊತ್ತಿತ್ತು. ಆದರೂ ನಮ್ಮ ಅಂಗಳಕ್ಕೆ ಬಂದರು. ಇವತ್ತು ಬೆಳಿಗ್ಗೆಯೂ ನನ್ನ ಹೆಂಡತಿ ಹೂ ಹಿಡಿದುಕೊಂಡು ಆ ಸೇತುವೆಯ ಮೇಲೆಯೇ ಹೋದಳು. ಇವರನ್ನು ಬೈಯಲು ನನಗೆ ಎಂದೂ ಹೆದರಿಕೆ ಆಗಲಿಲ್ಲ. ಅಂಥ ಜನ ಇವರು." ಭಾವಚಿತ್ರಕ್ಕೆ ಕೈಮುಗಿದು ಕೆಳಗಿಳಿದರು. ಮುಂದಿನ ಸಾಲಿನಲ್ಲಿದ್ದ ಶಾಸಕರ ಪತ್ನಿ ಎದ್ದು ನಿಂತು ಅಪ್ಪನಿಗೆ ಕೈಮುಗಿದರು.

ಹೊರಗೆ ಬಂದ ಮೇಲೆ ಅದೇ ಯುವಕರು ಚಹಾಕ್ಕೆ ಕರೆದರು. ಹೋಟೆಲಿನಲ್ಲಿ ಚಹಾ ಬಂತು. ಆಮೇಲೆ ಒಬ್ಬ ತಮ್ಮ ಪಕ್ಷದ ಊರ ಹೊರಗೆ ಹೊಸ ಮೀನು ಮಾರ್ಕೆಟ್ ಕಟ್ಟುವ ಯೋಜನೆಯ ಬಗ್ಗೆ ಹೇಳತೊಡಗಿದ. ಅಪ್ಪ ಕೇಳಿ, "ಅದು ಆಗುವ ಕೆಲಸ ಅಲ್ಲ ಮಾರಾಯ, ಹೆಂಗಸರು ಅಷ್ಟು ದೂರ ಮೀನಿನ ಬುಟ್ಟಿ ಹೊತ್ತುಕೊಂಡು ಹೋಗುವುದು ಹೇಗೆ?" ಎಂದರು.

"ಹಾಗಾದರೆ ಎಲ್ಲಿ ಮಾಡಬೇಕು, ಹೇಳಿ," ಎನ್ನುತ್ತ ಅವನು ಕುರ್ಚಿ ಹತ್ತಿರ ಎಳೆದುಕೊಂಡ. ಅಪ್ಪನ ಸ್ವರ ಏರತೊಡಗಿತು. ನಾನು ಎಲ್ಲರಿಗೂ ಇನ್ನೊಂದೊಂದು ಚಹಾ ಹೇಳಿದೆ.