ಗ್ಯಾಲರಿಯ ಮೂವತ್ಮೂರು ಗೊರಸು

ವಾದಕ್ಕಿಳಿಯುವ ಮೊದಲು ಪದದ ಅರ್ಥ ಗಟ್ಟಿ ಮಾಡಿಕೋ ಎಂದು ಕಾಲೇಜಿನ ಚರ್ಚಾಕೂಟದಲ್ಲಿ ನನಗೆ ಕಲಿಸಿದ್ದರು. ಮುಂಬಯಿಯ ಪರೇಲಿನ ನಮ್ಮ ಚಾಳಿನಲ್ಲಿ ‘ಖುರ’ ಎಂಬ ಪದ ಮಾತ್ರ ಹಾಗೆ ಗಟ್ಟಿಯಾಗಿ ನಿಲ್ಲಲೇ ಇಲ್ಲ. ನಮಗೆ ಅದು ದನದ ಗೊರಸು. ಪಕ್ಕದ ಖೋಲಿಯ ಮರಾಠಿ ಅಜ್ಜಿಗೆ ಮಂಚದ ಕಾಲಿನ ಬುಡವೂ ಖುರವೇ. ಚಾಳಿನ ಹಿಂದೆ ಎಮ್ಮೆ ಕಟ್ಟುವ ತಬೇಲಾದವನಿಗೆ ಅದು ಎಮ್ಮೆ ಕುಂಟಿದರೆ ಮೊದಲು ಎತ್ತಿ ನೋಡುವ ಜಾಗ. ವೈನಿಗೆ, ಅಂದರೆ ನನ್ನ ಅಣ್ಣನ ಹೆಂಡತಿಗೆ, ಅದು ವ್ರತ.

ಮದುವೆಯಾದ ಮೊದಲ ಚಾತುರ್ಮಾಸ. ದಿನಾ ಬೆಳಿಗ್ಗೆ ಆಕಳ ಹೆಜ್ಜೆಯಂಥ ಮೂವತ್ಮೂರು ಗೋಪದ್ಮ ಬರೆದು ಪೂಜಿಸಬೇಕು. ಪೂಜೆ ಮುಗಿಯುವ ತನಕ ಒಂದೂ ಅಳಿಸಬಾರದು ಎಂದು ಧಾರವಾಡದಿಂದ ನಮ್ಮ ಅವ್ವ ಹೇಳಿಕಳಿಸಿದ್ದಳು. ಒಂದೇ ಖೋಲಿಯ ಮನೆಯಲ್ಲಿ ಜಾಗವೆಲ್ಲಿ? ವೈನಿ ಬಾಗಿಲ ಮುಂದೆ ಎಲ್ಲರೂ ಓಡಾಡುವ ಗ್ಯಾಲರಿಯಲ್ಲಿ ಬರೆಯುತ್ತಿದ್ದರು. ಪಾಳಿಗೆ ಕರೆಯುವ ಮಿಲ್ಲಿನ ಭೋಂಗಾ ಕೂಗಿತೋ, ಇಡೀ ಮಾಳಿಗೆಯವರ ಕಾಲು ಅದರ ಮೇಲೆ. ಮೂರು ದಿನ ಹೀಗೇ ಆಯಿತು. ಮೂರನೆಯ ದಿನ ವೈನಿ ಕುಂಕುಮದ ಬಟ್ಟಲು ಹಿಡಿದು ಅಳಿಸಿದ ಗೆರೆಗಳ ಮುಂದೆ ಕೂತುಬಿಟ್ಟರು.

ಆಕಳ ಕಾಲು ಕಮಲದಂತೆ ಇರುವುದೇ ಇಲ್ಲ, ಬೇಕಾದರೆ ತಬೇಲಾಕ್ಕೆ ಹೋಗಿ ನೋಡಿ ಎಂದು ನಾನು ವಾದ ಹೂಡಿದೆ. ತವರಿನಲ್ಲಿ ಐದು ಆಕಳ ಸಗಣಿ ಬಳಿದವರು ಅವರು. ಬಟ್ಟಲು ಎತ್ತಿಕೊಂಡು ಒಲೆ ಹಚ್ಚಲು ಒಳಗೆ ಹೋದರು.

ಭಾನುವಾರ ಅವರು ಅಣ್ಣನ ಜೊತೆ ದಾದರಿಗೆ ಹೋದಾಗ ನಾನು ಬಿಳಿ ಆಯಿಲ್ ಪೇಂಟ್ ತಂದು ಗ್ಯಾಲರಿಯ ಕಲ್ಲುಫರಸಿಯ ಮೇಲೆ ಮೂವತ್ಮೂರನ್ನೂ ಬರೆದಿಟ್ಟೆ. ಅಳಿಸುವ ಪ್ರಶ್ನೆಯೇ ಇಲ್ಲ, ನಾಲ್ಕು ತಿಂಗಳ ಕೆಲಸ ಒಂದೇ ಮಧ್ಯಾಹ್ನಕ್ಕೆ ಮುಗಿಯಿತು. ಚರ್ಚಾಸ್ಪರ್ಧೆಯ ಢಾಲು ಗೆದ್ದವನಂತೆ ಕಾದು ಕೂತೆ.

ವೈನಿ ಬಂದು ನೋಡಿದರು. “ಛಂದ ಅದ. ಆದ್ರ ಇದು ನೀವು ಬರದದ್ದು. ನಾಳೆ ನಾ ಏನ್ ಬರೀಲಿ?”

ಪೂಜೆಯೆಂದರೆ ಚಿತ್ರ ಎಂದುಕೊಂಡಿದ್ದೆ. ಅವರಿಗೆ ಬರೆಯುವುದೇ ಪೂಜೆಯಾಗಿತ್ತು. ಗೆದ್ದೆನೆಂದುಕೊಂಡ ಢಾಲು ಅಲ್ಲಿಗೇ ಕೈಜಾರಿತು.

ಮರುದಿನ ಬೆಳಿಗ್ಗೆ ಅವರು ನನ್ನ ಗೆರೆಗಳ ಮೇಲೇ ರಂಗೋಲಿ ಎಳೆದರು. ಭೋಂಗಾ ಕೂಗಿತು. ಮೊದಲು ಬಂದವನು ಬಣ್ಣ ಹಸಿಯಿದೆಯೆಂದು ಗೋಡೆಗೆ ಒತ್ತಿಕೊಂಡು ದಾಟಿದ; ಹಿಂದಿನವರೂ ಹಾಗೇ ದಾಟಿದರು. ಮೂವತ್ಮೂರಕ್ಕೂ ಕುಂಕುಮ ಏರಿತು. ಬಣ್ಣ ಒಣಗಿ ತಿಂಗಳಾದರೂ ಯಾರೂ ತುಳಿಯಲಿಲ್ಲ. ಗೋಮಾತೆಯ ಮೇಲಿನ ಭಕ್ತಿ ಎಂದರು ಮಂಚದ ಅಜ್ಜಿ. ಕಾಲಿಗೆ ಅಂಟಿದ ರೂಢಿ, ಅಷ್ಟೇ, ಎಂದೆ ನಾನು.

ಒಂದು ದಿನ ನಲ್ಲಿಯಿಂದ ಕೊಡ ಹೊತ್ತು ಬರುತ್ತಿದ್ದೆ. ರಂಗೋಲಿಯಿಂದ ಕೈಯೆತ್ತದೆ ವೈನಿ ಕೇಳಿದರು, “ನೀವ್ಯಾಕ ಗ್ವಾಡಿ ಹಿಡದು ಹೊಂಟೀರಿ? ಬಣ್ಣ ಒಣಗೇದಲ್ಲ?”

ನೀರು ತುಳುಕದಂತೆ ನೋಡಿಕೊಂಡು, ಗೋಡೆ ಹಿಡಿದೇ ಒಳಗೆ ಹೋದೆ.