ಎರಡು ಹೆಸರುಗಳ ನಡುವಿನ ಗಳಿಗೆ

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ನೆಲಮಾಳಿಗೆಯ ಇಕ್ಕಟ್ಟು ಕೋಣೆಯಲ್ಲಿ ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವ ತಂತ್ರಜ್ಞೆ ಆಕೆ, ಕಪ್ಪು ಪರದೆಯ ಮುಂದೆ ಕೂತಿದ್ದಾರೆ. ಫೋನಿನ ಆ ತುದಿಯಲ್ಲಿ ಹಸುಗೂಸುಗಳ ವಾರ್ಡಿನ ದಾದಿ.

"ಸಿಸ್ಟರ್, ಎಲ್ಲಾ ತೊಟ್ಟಿಲ ಹತ್ರಾನೂ ಜನ ನಿಂತಿದ್ದಾರಾ? ಸ್ವಲ್ಪ ಹೊತ್ತು ನಿಮ್ಮ ಪರದೆಗಳು ಆರಿರ್ತವೆ, ನಾನು ಹೇಳೋವರೆಗೂ ಕದಲಬೇಡಿ."

ಮಕ್ಕಳ ಎದೆಬಡಿತ ದಾದಿಯರ ಪರದೆಗೆ ತಲುಪುವುದು ಈ ಕೋಣೆಯ ನೆಟ್‌ವರ್ಕ್ ಕಂಟ್ರೋಲರ್ ಮೂಲಕ. ಅದೊಂದು ಹಟಮಾರಿ ಯಂತ್ರ. ಗೊತ್ತುಪಡಿಸಿದ ಹೆಸರಿನ ಸೆಟ್ಟಿಂಗ್ ಫೈಲ್ ಇದ್ದರೆ ಮಾತ್ರ ಏಳುತ್ತದೆ. ಹೊಸ ಫೈಲ್ ಹಾಕಬೇಕೆಂದರೆ ಮೊದಲು ಹಳೆಯದಕ್ಕೆ ಬೇರೆ ಹೆಸರಿಟ್ಟು ಕಾಪಾಡಬೇಕು, ಆಮೇಲೆ ಆ ಹೆಸರನ್ನು ಹೊಸದಕ್ಕೆ ಕೊಡಬೇಕು. ಕ್ರಮ ತಪ್ಪಿದರೆ ಯಂತ್ರ ಒಂದು ಮಾತೂ ಕೇಳದೆ ಹಳೆಯದನ್ನು ಅಳಿಸಿಹಾಕುತ್ತದೆ. ಎರಡು ಆಜ್ಞೆಗಳ ನಡುವೆ ಕರೆಂಟ್ ಹೋದರೆ ಮತ್ತೆ ಏಳುವುದೇ ಇಲ್ಲ.

ಚಾವಣಿಯಲ್ಲಿ ತೆವಳಿ ಕೇಬಲ್ ಎಳೆಯುತ್ತಾ ಕೆಲಸಕ್ಕೆ ಸೇರಿದವರು ಆಕೆ. ಮನೆಯಲ್ಲಿ ಇದನ್ನು ಕೆಲಸವೆಂದು ಒಪ್ಪಿಸುವುದೇ ಕಷ್ಟ ಎನ್ನುತ್ತಾರೆ. "ಹೆಸರು ಬದಲಾಯಿಸ್ತೀನಿ ಅಂದ್ರೆ, ಅದಕ್ಕೂ ಸಂಬಳ ಕೊಡ್ತಾರಾ ಅಂತಾರೆ ನಮ್ಮತ್ತೆ!"

ಮೊದಲ ಆಜ್ಞೆ ಹೋಯಿತು, ಹಳೆಯ ಫೈಲಿಗೆ ಬೇರೆ ಹೆಸರು ಬಿತ್ತು. ಈಗ ಆ ಹೆಸರಿನ ಫೈಲ್ ಯಂತ್ರದಲ್ಲಿಲ್ಲ. ಅಷ್ಟರಲ್ಲಿ ದೀಪ ಮಿಟುಕುತ್ತದೆ. ಒಮ್ಮೆ, ಮತ್ತೊಮ್ಮೆ. ಹಳೇ ಯುಪಿಎಸ್ ಬ್ಯಾಟರಿ ಕೀಚಲು ದನಿಯಲ್ಲಿ ಕೂಗುತ್ತದೆ. ಆದರೂ ಆಕೆ ಎರಡನೆಯ ಸಾಲನ್ನು ಟೈಪಿಸಿ ಕೈ ಹಿಂದೆ ಕಟ್ಟಿಕೊಳ್ಳುತ್ತಾರೆ, ಜೋರಾಗಿ ಓದುತ್ತಾರೆ. ಎಂಥ ಅವಸರವಿದ್ದರೂ ಓದದೆ ಕೀಲಿ ಒತ್ತುವವರಲ್ಲ. ಓದಿ ಮುಗಿಸಿ ಒತ್ತುತ್ತಾರೆ.

ಯಂತ್ರವನ್ನು ಮರುಚಾಲೂ ಮಾಡುತ್ತಾರೆ. ಮೇಲೆ ಪರದೆಗಳೆಲ್ಲ ಕಪ್ಪು. ಫೋನಿನಲ್ಲಿ ದಾದಿಯ ಉಸಿರು ಮಾತ್ರ ಕೇಳಿಸುತ್ತಿದೆ. ಕಾಯುವುದು ಮುಗಿಯುವುದೇ ಇಲ್ಲವೇನೋ ಎನ್ನಿಸುವಾಗ, "ಬಂತು! ಎಲ್ಲಾ ಬಂತು!"

ಆಕೆಗೆ ಅಳು ಬರುತ್ತದೆ. ಮುಖ ತೊಳೆದುಕೊಂಡು, ಮಕ್ಕಳನ್ನು ಒಮ್ಮೆ ಗಾಜಿನಾಚೆಯಿಂದ ನೋಡುವ ಆಸೆಗೆ ಮೆಟ್ಟಿಲು ಹತ್ತುತ್ತಾರೆ. ವಾರ್ಡಿನ ಬಾಗಿಲಲ್ಲಿ ಅದೇ ದಾದಿ, ಫೋನಿನಲ್ಲಿ ದನಿಯಷ್ಟೇ ಕೇಳಿದ್ದರಿಂದ ಗುರುತು ಸಿಗದೆ ಗದರುತ್ತಾರೆ: "ನೋಡೋ ಟೈಮ್ ಇನ್ನೂ ಆಗಿಲ್ಲಮ್ಮ, ಹೊರಗಿರಿ!"

ಆಕೆ ಮೆಟ್ಟಿಲಿಳಿದು ಹಿಂತಿರುಗುತ್ತಾರೆ. ಬೇಜಾರಾಗಲಿಲ್ಲವೇ ಎಂದು ಆಮೇಲೆ ಕೇಳಿದರೆ ಆಕೆ ಹೇಳುತ್ತಾರೆ:

"ಬೈಲಿ ಬಿಡಿ. ಬೈಯೋಕೆ ಪುರುಸೊತ್ತಿದೆ ಅಂದ್ರೆ, ಒಳಗೆ ಮಕ್ಕಳೆಲ್ಲ ಚೆನ್ನಾಗಿದ್ದಾರೆ ಅಂತ."